ಎತ್ತಿಕೊಳ್ಳದ ಸೊಲ್ಲು

ನಂಜನಗೂಡು
12 ಜೂನ್ 1997

ಗುರುಸಿದ್ದಮ್ಮನವರಿಗೆ ನಮಸ್ಕಾರ.

ಹೋದ ಶನಿವಾರ ತಲಕಾಡಿನಲ್ಲಿ ನಿಮ್ಮ ಅಂಗನವಾಡಿಯ ಜಗಲಿಯ ಮೇಲೆ ಕೂತು, ನೀವು ಹಾಡುವುದಿಲ್ಲ ಎಂದ ಮೇಲೂ ಎದ್ದು ಹೋಗದೆ ನಿಮ್ಮ ತಲೆ ತಿಂದವಳು ನಾನೇ. ಮಕ್ಕಳ ಉಪ್ಪಿಟ್ಟಿನಲ್ಲಿ ನನಗೂ ಒಂದು ತಟ್ಟೆ ಕೊಟ್ಟಿರಿ. ಅದರ ಧೈರ್ಯದ ಮೇಲೆ ಈ ಕಾಗದ.

ನಾನು ಇಲ್ಲಿನ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹಾಡುವವರು ಎಲ್ಲಿ ಉಸಿರು ಎಳೆದುಕೊಳ್ಳುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಯಾಕೆ ನಿಲ್ಲುತ್ತಾರೆ ಎನ್ನುವುದು ನನ್ನ ಸಂಶೋಧನೆಯ ವಿಷಯ. ಬೇರೆ ದೇಶ, ಬೇರೆ ಕಾಲದ ಹಾಡುಗಾರರ ಪಕ್ಕದಲ್ಲಿ ನಮ್ಮ ಸೀಮೆಯ ಹೆಂಗಸರನ್ನು ಇಟ್ಟು ನೋಡಬೇಕು. ದೂರದ ದೇಶಗಳೆಲ್ಲ ಪುಸ್ತಕದಲ್ಲಿ ಸಿಕ್ಕಿವೆ. ಒಂದೂವರೆ ಗಂಟೆ ಬಸ್ಸಿನ ದಾರಿಯ ತಲಕಾಡು ಮಾತ್ರ ಸಿಕ್ಕಿಲ್ಲ.

ಮದುವೆ ಹಾಡುಗಳನ್ನು ಚಪ್ಪರದಿಂದ ಹಿಡಿದು ಹೆಣ್ಣು ಒಪ್ಪಿಸುವವರೆಗೆ ಪೂರ್ತಿ ಬಲ್ಲವರು ನೀವೊಬ್ಬರೇ ಎಂದು ಬನ್ನೂರಿನ ನಾಟಿ ಗದ್ದೆಯಲ್ಲಿ ನಾಲ್ಕು ಜನ ಹೇಳಿದರು. ಹನ್ನೊಂದು ವರ್ಷದಿಂದ ನೀವು ಯಾವ ಮದುವೆಯಲ್ಲೂ ಹಾಡಿಲ್ಲವೆಂದೂ ಅವರೇ ಹೇಳಿದರು. ಕಾರಣ ಕೇಳುವುದಿಲ್ಲ. ಟೇಪ್ ರೆಕಾರ್ಡರ್ ತರಲು ಒಪ್ಪಿಗೆ ಕೊಟ್ಟರೆ ಸಾಕು.

ನಿಮ್ಮ
ಇಂದ್ರಾಣಿ


ತಲಕಾಡು
23 ಜೂನ್ 1997

ಇಂದ್ರಾಣಿ ಮೇಡಂ ಅವರಿಗೆ,

ಕಾಗದ ಬಂತು. ಪೋಸ್ಟ್‌ಮ್ಯಾನ್ ನಂಜುಂಡ ನನ್ನ ಹೆಸರಿಗೆ ಇಲಾಖೆಯದ್ದಲ್ಲದ ಕಾಗದ ಬಂದದ್ದು ಇದೇ ಮೊದಲು ಎಂದು ಊರಿಗೆಲ್ಲ ಸಾರಿಕೊಂಡು ಬಂದ. ಉಸಿರಾಡುವುದನ್ನು ಓದಿದರೂ ಡಾಕ್ಟರ್ ಪದವಿ ಕೊಡುತ್ತಾರೆ ಎಂದು ಈಗ ಗೊತ್ತಾಯಿತು.

ಹಾಡುತ್ತೇನೆ. ಎರಡು ಷರತ್ತು. ಒಂದು, ಹಾಡು ರೇಡಿಯೋದಲ್ಲಿ ಬರಬೇಕು. ಭಾನುವಾರ ಬೆಳಿಗ್ಗೆ ಬರುವ ಹಳ್ಳಿ ಕಾರ್ಯಕ್ರಮದಲ್ಲಿ ಬರಬೇಕು, ನನ್ನ ಹೆಸರು ಮತ್ತು ಊರು ಹೇಳಬೇಕು. ಎರಡು, ಜೊತೆಗೆ ಯಾರನ್ನೂ ಕೂರಿಸುವುದಿಲ್ಲ. ಮದುವೆ ಹಾಡಿನಲ್ಲಿ ಒಬ್ಬಳು ಸಾಲು ಹೇಳುತ್ತಾಳೆ, ಇನ್ನೊಬ್ಬಳು ಸೊಲ್ಲು ಎತ್ತಿಕೊಂಡು ಅದಕ್ಕೆ ಉತ್ತರ ಹೇಳುತ್ತಾಳೆ ಎಂದು ನೀವು ಓದಿರುತ್ತೀರಿ. ನನ್ನದು ಹಾಗಲ್ಲ. ನಾನು ಒಬ್ಬಳೇ ಹಾಡುವುದು. ನನ್ನ ಅವ್ವ ಕಲಿಸಿದ್ದೇ ಹಾಗೆ.

ಆಷಾಢ ಕಳೆದು ಬನ್ನಿ.

ಗುರುಸಿದ್ದಮ್ಮ


ನಂಜನಗೂಡು
4 ಸೆಪ್ಟೆಂಬರ್ 1997

ಪ್ರೀತಿಯ ಅಮ್ಮ,

ನೀವು ಮೇಡಂ ಎನ್ನುವುದನ್ನು ಬಿಡಬೇಕು. ನಿಮಗಿಂತ ಇಪ್ಪತ್ತೆರಡು ವರ್ಷ ಚಿಕ್ಕವಳು ನಾನು.

ಎರಡು ಕ್ಯಾಸೆಟ್ಟನ್ನೂ ಹತ್ತು ಸಲ ಕೇಳಿರಬಹುದು. ಒಂದೊಂದು ಸಾಲು ಹೇಳಿ ನೀವು ನಿಲ್ಲುತ್ತೀರಲ್ಲ, ಅದನ್ನು ಗಡಿಯಾರ ಇಟ್ಟು ಅಳೆದೆ. ಒಂದು ಸಾಲು ಹಾಡಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಮೌನ. ಒಂದು ಹಾಡಿನಲ್ಲೂ ತಪ್ಪಿಲ್ಲ. ಆ ಮೌನದಲ್ಲಿ ಹಿಂದೆ ಕೋಳಿ ಕೂಗುವುದು, ಹೊಳೆ ಕಡೆಯಿಂದ ಗಾಳಿ ಬೀಸುವುದು ಕೇಳುತ್ತದೆ. ಇಂಥದ್ದು ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ. ಮೌನವನ್ನೇ ಒಂದು ಸಾಲಾಗಿ ಹಾಡುವ ಪದ್ಧತಿ ಎಂದು ಮೂವತ್ತೆರಡು ಪುಟದ ಅಧ್ಯಾಯ ಬರೆದಿದ್ದೇನೆ. ಮೈಸೂರಿನ ನನ್ನ ಮಾರ್ಗದರ್ಶಕರು ಯಾರನ್ನೂ ಹೊಗಳುವವರಲ್ಲ. ಅವರೂ ಇದನ್ನು ಓದಿ ತಲೆದೂಗಿದರು.

ಫಿನ್ಲೆಂಡ್ ಎಂಬ ಚಳಿ ದೇಶದಲ್ಲಿ ಹಿಂದೆ ಇಬ್ಬರು ಎದುರುಬದುರು ಕೂತು ಕೈ ಕೈ ಹಿಡಿದುಕೊಂಡು ಹಾಡುತ್ತಿದ್ದರಂತೆ. ಒಬ್ಬ ಸಾಲು ಹೇಳಿದರೆ ಇನ್ನೊಬ್ಬ ಅದನ್ನೇ ಎತ್ತಿಕೊಂಡು ಹೇಳುವುದು. ಅವರದು ಇಬ್ಬರ ಹಾಡು, ನಿಮ್ಮದು ಒಬ್ಬರ ಹಾಡು ಎಂದು ಹೋಲಿಸಿ ಬರೆದಿದ್ದೇನೆ.

ನಿಜ ಹೇಳಬೇಕೆಂದರೆ ಕ್ಯಾಸೆಟ್ ಹಾಕುವುದು ಸಂಶೋಧನೆಗೆ ಮಾತ್ರವಲ್ಲ. ಕಾಲೇಜು ಮುಗಿಸಿ ಬಂದರೆ ಈ ಬಾಡಿಗೆ ಕೋಣೆಯಲ್ಲಿ ಮಾತಾಡುವವರು ಯಾರೂ ಇಲ್ಲ. ಅನ್ನಕ್ಕಿಟ್ಟು ನಿಮ್ಮನ್ನು ಹಾಡಿಸುತ್ತೇನೆ.

ಇಂದ್ರಾಣಿ


ತಲಕಾಡು
15 ಸೆಪ್ಟೆಂಬರ್ 1997

ಇಂದ್ರಾಣಿಗೆ,

ಆ ಚಳಿ ದೇಶದ ಇಬ್ಬರಲ್ಲಿ ಒಬ್ಬ ಕೈ ಬಿಟ್ಟು ಎದ್ದು ಹೋದರೆ ಉಳಿದವನು ಏನು ಮಾಡುತ್ತಿದ್ದ ಎಂದು ಪುಸ್ತಕದಲ್ಲಿ ಬರೆದಿದೆಯೇ? ಇದ್ದರೆ ತಿಳಿಸು.

ರೇಡಿಯೋ ಯಾವಾಗ?

ಗುರುಸಿದ್ದಮ್ಮ


ನಂಜನಗೂಡು
20 ಜನವರಿ 1998

ಪ್ರೀತಿಯ ಅಮ್ಮ,

ನೀವು ಕೇಳಿದ್ದು ಪುಸ್ತಕದಲ್ಲಿ ಇಲ್ಲ. ಹುಡುಕಿದೆ.

ರೇಡಿಯೋ ಎಂದು ಮೂರು ಕಾಗದ ಬರೆದಿರಿ. ಇಷ್ಟು ದೊಡ್ಡ ಹಾಡುಗಾರ್ತಿಗೂ ಹೆಸರಿನ ಆಸೆ ಬಿಟ್ಟಿಲ್ಲವಲ್ಲ ಎಂದು ನಗು ಬಂತು. ಇರಲಿ, ನಿಮ್ಮ ಆಸೆ ಈಡೇರಿತು. ಫೆಬ್ರವರಿ ಒಂದರ ಭಾನುವಾರ ಬೆಳಿಗ್ಗೆ. ತಲಕಾಡಿನ ಗುರುಸಿದ್ದಮ್ಮ ಎಂದೇ ಹೇಳುತ್ತಾರೆ. ಊರಿನವರನ್ನೆಲ್ಲ ಕೂರಿಸಿಕೊಂಡು ಕೇಳಿ.

ಇಂದ್ರಾಣಿ


ತಲಕಾಡು
3 ಫೆಬ್ರವರಿ 1998

ಇಂದ್ರಾಣಿಗೆ,

ಕೇಳಿದೆ. ನಡುನಡುವೆ ನಾನು ಬಿಟ್ಟಿದ್ದ ಜಾಗ ಎಲ್ಲಿ ಹೋಯಿತು? ಒಂದರ ಬೆನ್ನಿಗೆ ಒಂದು ಸಾಲು, ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಹಾಡಿದ್ದೇನೆ. ಅದು ನನ್ನ ಹಾಡಲ್ಲ.

ಗುರುಸಿದ್ದಮ್ಮ


ನಂಜನಗೂಡು
9 ಫೆಬ್ರವರಿ 1998

ಅಮ್ಮ,

ತಪ್ಪು ರೇಡಿಯೋದವರದ್ದಲ್ಲ, ನನ್ನದು. ಅವರು ಕೊಟ್ಟದ್ದು ಹತ್ತು ನಿಮಿಷ. ನಾಲ್ಕು ಹಾಡು ಹಿಡಿಸಬೇಕಿತ್ತು. ಎರಡು ಟೇಪ್ ರೆಕಾರ್ಡರ್ ಇಟ್ಟುಕೊಂಡು ಮೌನವನ್ನೆಲ್ಲ ಬಿಟ್ಟು ಸಾಲು ಮಾತ್ರ ಪ್ರತಿ ಮಾಡಿ ಕಳಿಸಿದೆ. ಮೌನದ ಮೇಲೆ ಮೂವತ್ತೆರಡು ಪುಟ ಬರೆದವಳು ಕೇಳುವವರಿಗೆ ರೇಡಿಯೋ ಕೆಟ್ಟಿದೆ ಎನ್ನಿಸದಿರಲಿ ಎಂದು ಅದನ್ನೇ ಕತ್ತರಿಸಿದೆ. ನಾಚಿಕೆಯಾಗುತ್ತಿದೆ. ಮೂಲ ಕ್ಯಾಸೆಟ್ ಹಾಗೇ ಇದೆ. ಆದರೆ ನಿಮಗೆ ಇಷ್ಟು ನೋವಾದದ್ದು ಯಾಕೆಂದು ತಿಳಿಯಲಿಲ್ಲ. ಹೇಳಿ.

ಇಂದ್ರಾಣಿ


ನಂಜನಗೂಡು
6 ಮಾರ್ಚ್ 1998

ಅಮ್ಮ,

ಉತ್ತರವಿಲ್ಲ. ಬೈದಾದರೂ ಒಂದು ಕಾರ್ಡು ಹಾಕಿ.

ಇಂದ್ರಾಣಿ


ತಲಕಾಡು
30 ಮಾರ್ಚ್ 1998

ಇಂದ್ರಾಣಿಗೆ,

ನಾನು ನಿನಗೆ ಸುಳ್ಳು ಹೇಳಿದ್ದೆ. ಒಬ್ಬಳೇ ಹಾಡುವುದನ್ನು ನನಗೆ ಯಾರೂ ಕಲಿಸಿಲ್ಲ. ನಿನ್ನ ಮೂವತ್ತೆರಡು ಪುಟ ಆ ಸುಳ್ಳಿನ ಮೇಲೆ ನಿಂತಿದೆ. ಅದನ್ನು ತೆಗೆದುಹಾಕು.

ನನ್ನ ವಾರಗಿತ್ತಿ ಮಾದಮ್ಮ, ನನ್ನ ಗಂಡನ ತಮ್ಮನ ಹೆಂಡತಿ. ಇಬ್ಬರೂ ಒಂದೇ ವರ್ಷ ಈ ಮನೆಗೆ ಬಂದವರು. ಇಪ್ಪತ್ತು ವರ್ಷ ಜೊತೆಯಲ್ಲಿ ಹಾಡಿದೆವು. ಸಾಲು ಹೇಳುವವಳು ಅವಳು, ಸೊಲ್ಲು ಎತ್ತಿಕೊಳ್ಳುವವಳು ನಾನು. ನನಗೆ ಮಕ್ಕಳಾಗಲಿಲ್ಲ. ಅವಳ ಮಗಳು ಪುಟ್ಟತಾಯಿ ಬೆಳೆದದ್ದು ನನ್ನ ಮಡಿಲಲ್ಲಿ.

ಎಂಬತ್ತಾರರಲ್ಲಿ ಪುಟ್ಟತಾಯಿಯ ಮದುವೆಯಾಯಿತು. ನನ್ನ ಗಂಡ ಹೋಗಿ ಆಗ ಆರು ತಿಂಗಳು. ಅರಿಶಿನ ಹಚ್ಚುವ ಹೊತ್ತಿಗೆ ನಾನು ಬಟ್ಟಲಿಗೆ ಕೈ ಹಾಕಿದೆ. ಮಾದಮ್ಮ ಬಟ್ಟಲನ್ನು ಪಕ್ಕಕ್ಕೆ ಎಳೆದುಕೊಂಡು, "ಅಕ್ಕ, ನೀನು ಒಸಿ ಇಂದ್ಕೆ ನಿಂತ್ಕೊ. ಆಡಕ್ಕೆ ಮಾತ್ರ ಬಾ," ಎಂದಳು. ಗಂಡ ಸತ್ತವಳ ಕೈ ಹೆಣ್ಣಿನ ಮೈಗೆ ತಾಗಬಾರದು. ನನ್ನ ದನಿ ತಾಗಬಹುದು. ನಾನು ಹಿಂದೆ ನಿಂತೆ.

ಹೆಣ್ಣು ಒಪ್ಪಿಸುವ ಹೊತ್ತಿಗೆ ಮಾದಮ್ಮ ಸಾಲು ಹೇಳಿದಳು: "ಹೊಳೆಯಾಚೆ ಹೋಗೋಳ ಸೆರಗ ಯಾರು ಹಿಡಿದಾರು?" ನಾನು ಎತ್ತಿಕೊಳ್ಳಬೇಕಾದದ್ದು "ಸೆರಗ ನಾ ಹಿಡಿದೇನು, ಹೋಗಿ ಬಾ ನನ್ನ ಮಗಳೆ" ಎಂದು. ನಾನು ಬಾಯಿ ಮುಚ್ಚಿಕೊಂಡು ನಿಂತೆ. ಚಪ್ಪರದಲ್ಲಿ ಇದ್ದವರೆಲ್ಲ ನನ್ನ ಕಡೆ ತಿರುಗಿದರು. ಮಾದಮ್ಮ ಕಾದಳು. ಇನ್ನೊಂದು ಸಲ ಹೇಳಿದಳು. ಆಗಲೂ ನಾನು ಎತ್ತಿಕೊಳ್ಳಲಿಲ್ಲ. ಮದುವೆಯಲ್ಲಿ ಸೊಲ್ಲು ಬೀಳಬಾರದು, ಬಿದ್ದರೆ ಹೆಣ್ಣಿಗೆ ಕೇಡು ಎಂದು ನಮ್ಮಲ್ಲಿ ನಂಬುತ್ತಾರೆ. ಗೊತ್ತಿದ್ದೇ ಸುಮ್ಮನಿದ್ದೆ.

ಎರಡು ವರ್ಷಕ್ಕೆ ಪುಟ್ಟತಾಯಿಯ ಗಂಡ ಕಾಮಾಲೆಯಿಂದ ಸತ್ತ. ನನ್ನ ಮುಂದೆ ಯಾರೂ ಏನೂ ಅನ್ನಲಿಲ್ಲ, ಹಿಂದೆ ಎಲ್ಲರೂ ಅಂದರು. ಮಾದಮ್ಮ ಮಾತ್ರ ಹಿಂದೆಯೂ ಅನ್ನಲಿಲ್ಲವಂತೆ. ಮಗಳಿಗೆ ನಿನ್ನ ನಂಜನಗೂಡಿನ ಪಕ್ಕದ ತಾಂಡ್ಯದಲ್ಲಿ ಫ್ಯಾಕ್ಟರಿ ಕ್ಯಾಂಟೀನಿನ ಕೆಲಸ ಸಿಕ್ಕಾಗ ಅವಳ ಜೊತೆ ಹೊರಟುಹೋದಳು. ಹೋಗುವಾಗ ನನ್ನ ಬಾಗಿಲ ಮುಂದೆಯೇ ಹೋದಳು. ನಾನು ಒಳಗೇ ಇದ್ದೆ.

ಭಾನುವಾರದ ರೇಡಿಯೋ ಅವಳು ತಪ್ಪಿಸುವವಳಲ್ಲ. ಅದಕ್ಕೇ ಅಷ್ಟು ಪೀಡಿಸಿದೆ. ಅವಳು ಹೇಳುವ ಸಾಲನ್ನು ನಾನು ಹೇಳಿ, ಜಾಗ ಬಿಟ್ಟು ಕಾದೆ. ಅವಳು ಅಲ್ಲಿ ಕೂತು ಮನಸ್ಸಿನಲ್ಲಾದರೂ ಎತ್ತಿಕೊಂಡರೆ ಸಾಕಿತ್ತು. ನೀನು ಆ ಜಾಗವನ್ನೇ ಕಿತ್ತೆಸೆದೆ.

ಗುರುಸಿದ್ದಮ್ಮ


ನಂಜನಗೂಡು
20 ಏಪ್ರಿಲ್ 1998

ಅಮ್ಮ,

ಮೂವತ್ತೆರಡು ಪುಟವನ್ನು ತೆಗೆದುಹಾಕಿದೆ. ಮಾರ್ಗದರ್ಶಕರಿಗೆ ಕೋಪ ಬಂದಿದೆ. ಅದು ದೊಡ್ಡದಲ್ಲ.

ಮೊನ್ನೆ ತಾಂಡ್ಯಕ್ಕೆ ಹೋಗಿದ್ದೆ. ಕ್ಯಾಂಟೀನಿನಲ್ಲಿ ಕೇಳಿದರೆ ಪುಟ್ಟತಾಯಿಯೇ ಬಂದರು. ಹಿಂದಿನ ಸಾಲುಮನೆಗಳಲ್ಲಿ ಕೊನೆಯದು ಅವರದು. ಮಾದಮ್ಮನವರು ಗೋಡೆಗೆ ದಿಂಬು ಕೊಟ್ಟುಕೊಂಡು ಕೂತಿದ್ದರು. ನಿಮ್ಮ ಹೆಸರು ಹೇಳಿದೆ. "ರೇಡಿಯೋದಲ್ಲಿ ಕೇಳ್ದೆ," ಎಂದರು. ಆಮೇಲೆ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಕತ್ತರಿಸುವುದಿಲ್ಲ.

"ಎತ್ಕಳವ ಅಂತ ಬಾಯ್ ತಗುದೆ ಕಣವ್ವ. ಅಷ್ಟ್ರಲ್ಲಿ ಅವಳು ಮುಂದುನ್ ಸಾಲ್ಗೆ ಓಗ್ಬುಟ್ಟಿದ್ಲು. ನಾನಿಲ್ದೆ ಆಡದ ಕಲ್ತವಳೆ, ಬುಡು ಅನ್ಕಂಡು ರೇಡಿಯೋ ಆರುಸ್ದೆ."

ಅದು ನನ್ನ ತಪ್ಪೆಂದು ಹೇಳಿ ಮೂಲ ಕ್ಯಾಸೆಟ್ ಹಾಕಿದೆ. ಪೂರ್ತಿ ಕೇಳಿದರು. ನೀವು ಬಿಟ್ಟ ಒಂದೊಂದು ಜಾಗದಲ್ಲೂ ನಾನು ಅವರ ಮುಖ ನೋಡಿದೆ. ಎತ್ತಿಕೊಳ್ಳಲಿಲ್ಲ. ಕ್ಯಾಸೆಟ್ ಮುಗಿದ ಮೇಲೆ ಹೇಳಿದರು: "ಸಾಲ್ ಏಳೋದು ನಂದು, ಎತ್ಕಳೋದು ಅವಳ್ದು. ಈಗ ನನ್ ಕೆಲ್ಸ ಅವಳು ಮಾಡ್ಬುಟ್ಟು ನಂಗೆ ಜಾಗ ಬುಟ್ಟವಳಾ? ಅವತ್ತು ಜಾಗ ಬುಟ್ಟು ಕಾದಿದ್ದೋಳು ನಾನು. ಬಂದು ಎತ್ಕಳಕ್ ಅವಳ್ಗೆ ಏಳು."

ಅರಿಶಿನದ ಮಾತು ನಾನಾಗಿ ಎತ್ತಲಿಲ್ಲ. ಅವರೇ ಎತ್ತಿದರು. ನಿಮ್ಮ ಕೈ ತಾಗಿಸಬೇಡಿ ಎಂದು ಬೀಗರ ಕಡೆಯ ಹೆಂಗಸೊಬ್ಬರು ಕಿವಿಯಲ್ಲಿ ಊದಿದರಂತೆ. ತಾನು ಆಗುವುದಿಲ್ಲ ಎನ್ನಬೇಕಿತ್ತು, ಅನ್ನಲಿಲ್ಲ, ಅದು ಇವತ್ತಿಗೂ ಚುಚ್ಚುತ್ತದೆ ಎಂದರು.

ಹೋಗಿ ಬನ್ನಿ ಅಮ್ಮ. ನರಸೀಪುರದಲ್ಲಿ ಬಸ್ ಬದಲಿಸಿದರೆ ಆಯಿತು. ನಿಲ್ದಾಣಕ್ಕೆ ನಾನು ಬರುತ್ತೇನೆ.

ಇಂದ್ರಾಣಿ


ತಲಕಾಡು
2 ಮೇ 1998

ಇಂದ್ರಾಣಿಗೆ,

ನಿನ್ನ ಕಾಗದವನ್ನು ಮಡಿಸಿ ಅಕ್ಕಿ ಡಬ್ಬದಲ್ಲಿಟ್ಟಿದ್ದೇನೆ. ದಿನಾ ಅಕ್ಕಿ ತೆಗೆಯುವಾಗ ಓದುತ್ತೇನೆ.

ಅವಳು ಹೇಳಿದ್ದು ಸರಿ. ತಪ್ಪು ಮಾಡಿದವಳು ನಾನು, ಉತ್ತರ ಅವಳಿಂದ ಕೇಳುತ್ತಿದ್ದೆ. ಬರುತ್ತೇನೆ. ಆದರೆ ಗಂಟಲು ಕಟ್ಟಿದೆ. ಹನ್ನೆರಡು ವರ್ಷದ ಮೇಲೆ ಒಂದು ಸಾಲು ಎತ್ತಿಕೊಳ್ಳುವುದು, ಅದೂ ಒಡಕು ದನಿಯಲ್ಲಿ ಬೇಡ. ಅವಳ ಕಿವಿ ಬಹಳ ಚುರುಕು. ಗಂಟಲು ಸರಿಹೋಗಲಿ.

ಗುರುಸಿದ್ದಮ್ಮ


ನಂಜನಗೂಡು
18 ಮೇ 1998

ಅಮ್ಮ,

ಗಂಟಲು ಹೇಗಿದ್ದರೂ ಬನ್ನಿ. ದನಿ ಚೆನ್ನಾಗಿರಬೇಕೆಂದು ಮಾದಮ್ಮನವರು ಕೇಳಿಲ್ಲ. ಈ ವಾರ ಬಂದರೆ ಒಳ್ಳೆಯದು. ಜೂನ್ ಮೊದಲಿಗೆ ನಾನು ಉತ್ತರ ಪತ್ರಿಕೆ ತಿದ್ದಲು ಮೈಸೂರಿಗೆ ಹೋಗಿ ಹದಿನೈದು ದಿನ ಅಲ್ಲೇ ಇರಬೇಕು. ಅಷ್ಟರೊಳಗೆ ಬನ್ನಿ.

ಇಂದ್ರಾಣಿ


ತಲಕಾಡು
29 ಮೇ 1998

ಇಂದ್ರಾಣಿಗೆ,

ಈಗಿನ ಹುಡುಗಿಯರಿಗೆ ಎಲ್ಲಕ್ಕೂ ಅವಸರ. ಮೆಣಸಿನ ಕಷಾಯ ಕುಡಿಯುತ್ತಿದ್ದೇನೆ. ಬೆಳಿಗ್ಗೆ ಮಕ್ಕಳು ಬರುವ ಮುಂಚೆ ಹೊಳೆದಂಡೆಗೆ ಹೋಗಿ ಆ ಒಂದು ಸೊಲ್ಲನ್ನು ಹೇಳಿ ನೋಡುತ್ತೇನೆ. "ಹೋಗಿ ಬಾ" ಎನ್ನುವ ಕಡೆ ದನಿ ಇನ್ನೂ ಒಡೆಯುತ್ತದೆ. ಹನ್ನೆರಡು ವರ್ಷ ಕಾದವಳು ಇನ್ನು ಹದಿನೈದು ದಿನ ಕಾಯುವುದಿಲ್ಲವೇ? ನೀನು ಮೈಸೂರಿಗೆ ಹೋಗಿ ಬಾ. ತಾಂಡ್ಯದ ದಾರಿಯನ್ನು ನಾನು ಕೇಳಿಕೊಂಡು ಹೋಗಬಲ್ಲೆ.

ಗುರುಸಿದ್ದಮ್ಮ


ತಲಕಾಡು
24 ಜೂನ್ 1998

ಇಂದ್ರಾಣಿಗೆ,

ಹದಿನಾರನೇ ತಾರೀಖು ಮೊದಲ ಬಸ್ಸಿಗೆ ಹೊರಟೆ. ಗಂಟಲು ಸರಿಹೋಗಿತ್ತು. ತಾಂಡ್ಯದ ಸಾಲುಮನೆಯ ಹತ್ತಿರ ಹೋದರೆ ಬಾಗಿಲಲ್ಲಿ ನಾಲ್ಕೈದು ಜನ ಹೆಂಗಸರು ಕೂತಿದ್ದರು. ಪುಟ್ಟತಾಯಿ ನನ್ನನ್ನು ನೋಡಿ ಎದ್ದು ಬಂದಳು. ಆವತ್ತು ಹಾಲು ತುಪ್ಪ ಬಿಟ್ಟು ಬಂದಿದ್ದರು. ಮಾದಮ್ಮ ಹೋಗಿ ಮೂರು ದಿನವಾಗಿತ್ತು. ಅವರು ತಡವಾಗಿ ಕಳಿಸಿದ ಆಳು ತಲಕಾಡಿಗೆ ಸುದ್ದಿ ಮುಟ್ಟಿಸುವ ಹೊತ್ತಿಗೆ ನಾನು ಬಸ್ಸಿನಲ್ಲಿದ್ದೆ.

ಅವಳಿಗೆ ಚೈತ್ರದಿಂದಲೇ ಕೆಮ್ಮಿದರೆ ರಕ್ತ ಬರುತ್ತಿತ್ತಂತೆ. ನಿನಗೆ ಗೊತ್ತಿತ್ತು ಎಂದು ಪುಟ್ಟತಾಯಿ ಹೇಳಿದಳು. "ರೋಗ ಅಂತ ಕನಿಕರ ಪಟ್ಕಂಡು ಬರೋದು ಬ್ಯಾಡ, ಬರ್ಬೇಕು ಅಂತ ಬರ್ಲಿ," ಎಂದು ಮಾದಮ್ಮ ನಿನ್ನಿಂದ ಭಾಷೆ ತೆಗೆದುಕೊಂಡಿದ್ದಳಂತೆ. ನೀನು ಭಾಷೆ ಉಳಿಸಿಕೊಂಡೆ. ನಿನ್ನ ಮೇಲೆ ಬಹಳ ಕೋಪ ಬಂತು. ನಂಜನಗೂಡಿಗೆ ಬಂದವಳು ನಿನಗೊಂದು ಚೀಟಿ ಕೂಡ ಬಿಡದೆ ಹಿಂದಿರುಗಿದ್ದು ಅದಕ್ಕೇ. ಈಗ ಕೋಪವಿಲ್ಲ. ಬಾ ಬಾ ಎಂದು ನೀನು ಕರೆದೆ, ಕಷಾಯ ಕುಡಿಯುತ್ತಾ ಕೂತವಳು ನಾನು.

ಹೆಂಗಸರೆಲ್ಲ ಎದ್ದು ಹೋದ ಮೇಲೆ ಪುಟ್ಟತಾಯಿ ನನಗೆ ನೀರು ಕೊಟ್ಟು ಎದುರಿಗೆ ಕೂತಳು. ಅವಳ ತಲೆಯಲ್ಲೂ ನರೆ ಬಂದಿದೆ. ನಿನ್ನ ಗಂಡ ಸತ್ತದ್ದು ನನ್ನಿಂದ ಎನ್ನುತ್ತಾರಲ್ಲ, ನೀನೂ ಹಾಗೇ ಅಂದುಕೊಂಡಿದ್ದೀಯಾ ಎಂದು ಕೇಳಿದೆ. ಹತ್ತು ವರ್ಷದಿಂದ ಕೇಳಬೇಕಾಗಿದ್ದ ಮಾತು. ಅವಳು, "ಕಾಮಾಲೆ ಆಗಿತ್ತು ದೊಡ್ಡವ್ವ, ಆಸ್ಪತ್ರೆಗೆ ಓಗ್ದೆ ಬೇರು ಅರ್ದು ಕುಡೀತಾ ಕೂತ್ರು, ಓದ್ರು," ಎಂದಳು. ಅದನ್ನು ಅವಳು ಮಾಮೂಲಿ ಮಾತಿನ ಹಾಗೆ ಹೇಳಿದಳು. ನನಗೆ ಆಗ ಅಳು ಬಂತು.

ಆಮೇಲೆ ಅವಳೇ ಕೇಳಿದಳು. "ಅವ್ವ ಏಳೋ ಸಾಲ ನಾನ್ ಏಳ್ತೀನಿ. ನನ್ ಮದ್ವೇದು ತಾನೆ. ನೀನು ಎತ್ಕೊ."

ಸಾವಿನ ಮನೆಯಲ್ಲಿ ಮದುವೆ ಹಾಡು ಹಾಡಬಾರದು. ಅವಳಿಗೂ ಗೊತ್ತು. ಆದರೂ ಹೇಳಿದಳು, ಸಣ್ಣದಾಗಿ, ತಾಯಿಯ ಹಾಗೇ ಕೊನೆಯ ಅಕ್ಷರ ಎಳೆದು. ನಾನು ಬಾಯಿ ತೆರೆದೆ. ಹೊಳೆದಂಡೆಯಲ್ಲಿ ತಿಂಗಳಿಡೀ ಸಾಣೆ ಹಿಡಿದ ದನಿ. ಬರಲಿಲ್ಲ. ಅವತ್ತು ಬೇಕೆಂದು ಬಿಟ್ಟೆ, ಈಗ ಬೇಕೆಂದರೂ ಬರಲಿಲ್ಲ. ಎರಡನೆಯ ಸಲ ಅದೇ ಮಗುವಿನ ಎದುರು ಅದೇ ಸೊಲ್ಲನ್ನು ಬೀಳಿಸಿದೆ.

ಪುಟ್ಟತಾಯಿ ಕಾದಳು. ಮುಖ ತಿರುಗಿಸಲಿಲ್ಲ. ಆಮೇಲೆ ತಾನೇ ಎತ್ತಿಕೊಂಡಳು. ಮಡಿಲಲ್ಲಿ ಕೂತು ಅವಳು ಇದನ್ನು ಕಲಿತದ್ದು ನನ್ನಿಂದ, ತಾಯಿಯಿಂದಲ್ಲ. ನನಗೆ ಅದು ಮರೆತೇಹೋಗಿತ್ತು. "ಸೆರಗ ನಾ ಹಿಡಿದೇನು" ಎಂದು ನಿಂತು, ನಾನು ಉಸಿರು ಎಳೆದುಕೊಳ್ಳುತ್ತಿದ್ದ ಕಡೆಯೇ ಎಳೆದುಕೊಂಡು, "ಹೋಗಿ ಬಾ ನನ್ನ ಮಗಳೆ" ಎಂದಳು. ನನ್ನ ಪ್ರಾಯದ ದನಿ ಅದು, ಮೂವತ್ತು ವರ್ಷದವಳಿದ್ದಾಗ ನನಗಿದ್ದ ದನಿ. ಅವಳು ಹಾಡಿ ಮುಗಿಸುವವರೆಗೂ ನಾನು ಕೈಯಲ್ಲಿ ನೀರಿನ ಲೋಟ ಹಿಡಿದುಕೊಂಡು ಕೇಳುತ್ತಾ ಕೂತಿದ್ದೆ.

ಗುರುಸಿದ್ದಮ್ಮ